ಚೆನ್ನಾಗಿ ಅಲ್ಲಾಡಿಸಿ, ದಿನಕ್ಕೆ ಮೂರು ಬಾರಿ

ಆ ಲೇಬಲ್‌ಗಳನ್ನು ಅಂಟಿಸದಿದ್ದರೆ ಕಾಂಪೌಂಡರನ ಭಾನುವಾರ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಡಾಕ್ಟರರ ಔಷಧಿ ಕೋಣೆಯಲ್ಲಿ ಪಳಗಿದ ಕೈ, ತುಂಬಿದ ಸೀಸೆ ಕಂಡರೆ ಸುಮ್ಮನಿರುವುದಿಲ್ಲ. ಹುದುಗಿಸಿ ಸೈಡರ್ ಎಂಬ ಹಗುರ ಮದ್ಯ ಮಾಡಲೆಂದು ಸೇಬಿನ ರಸವನ್ನು ಆರು ಔಷಧಿ ಸೀಸೆಗಳಿಗೆ ತುಂಬಿದವನೇ, ಡ್ರಾಯರಿನಲ್ಲಿದ್ದ ಹಳೆಯ ಲೇಬಲ್‌ಗಳನ್ನು ನಾಲಿಗೆಗೆ ತಾಗಿಸಿ ಒಂದೊಂದಕ್ಕೂ ಅಂಟಿಸಿದ್ದ: 'ಚೆನ್ನಾಗಿ ಅಲ್ಲಾಡಿಸಿ. ದಿನಕ್ಕೆ ಮೂರು ಬಾರಿ.'

ಸೇಬು ಹಿತ್ತಲಿನ ಮರದ್ದು, ಮರ ಮನೆಯೊಡತಿಯದು. ಅವಳು ಮೇಲಿನ ಮಹಡಿಯಲ್ಲಿದ್ದುದರಿಂದ ಎಲ್ಲರಿಗೂ ಮಹಡಿ ಅಜ್ಜಿ. ಬಾಯಲ್ಲಿ ಹಲ್ಲಿಲ್ಲದ ಕಾರಣ ಹಣ್ಣನ್ನೆಲ್ಲ ಧಾರಾಳವಾಗಿ ಬಾಡಿಗೆಯವರಿಗೇ ಬಿಟ್ಟಿದ್ದಳು. ಆದರೆ ಮನೆ ಕೊಡುವಾಗಲೇ ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದಳು: ಕುಡಿತದ ಪದಾರ್ಥ ಹೊಸ್ತಿಲು ದಾಟಿದ ದಿನವೇ ಗಂಟುಮೂಟೆ ಕಟ್ಟಬೇಕು.

ಕಾಂಪೌಂಡರನ ಹೆಂಡತಿಗೂ ಈ ಪ್ರಯೋಗ ಹಿಡಿಸಿರಲಿಲ್ಲ. ಕಚ್ಚಿ ತಿನ್ನುವ ಹಣ್ಣನ್ನು ಕೊಳೆಹಾಕುವುದೇಕೆ ಎಂದು ನಲವತ್ತು ದಿನ ಗಂಡನನ್ನು ಹಂಗಿಸಿದ್ದಳು. ಕೊನೆಗೆ ಇಬ್ಬರಿಗೂ ಪಂದ್ಯವೇ ಬಿತ್ತು. ಭಾನುವಾರ ನಾಲ್ಕು ಗಂಟೆಗೆ ಒಂದೊಂದು ಲೋಟ ಕುಡಿಯುವುದು. ಅವಳು ಚೆನ್ನಾಗಿದೆ ಎಂದರೆ ಮರದಲ್ಲಿ ಉಳಿದ ಹಣ್ಣಿನಲ್ಲಿ ಅರ್ಧ ಸೈಡರಿಗೆ, ಇಲ್ಲವಾದರೆ ಎಲ್ಲವೂ ತಿನ್ನುವುದಕ್ಕೆ.

ಗೆಲ್ಲುವುದು ತಾನೇ ಎಂಬುದರಲ್ಲಿ ಕಾಂಪೌಂಡರನಿಗೆ ಅನುಮಾನವಿರಲಿಲ್ಲ. ದಿನಾ ಸಂಜೆ ಆರೂ ಸೀಸೆಗಳ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ವಾಸನೆ ನೋಡುತ್ತಿದ್ದ. ಸ್ಪಿರಿಟ್ಟು, ಫಿನಾಯಿಲುಗಳ ನಡುವೆ ದುಡಿದ ಅವನ ಮೂಗಿಗೆ ಗುಲಾಬಿಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯದೆ ವರ್ಷಗಳೇ ಆಗಿದ್ದವು. ಆದರೂ ನೋಡುವುದರಲ್ಲಿ ಒಂದು ಸುಖವಿತ್ತು.

ಭಾನುವಾರ ಬೆಳಿಗ್ಗೆ ಸೀಸೆಗಳನ್ನು ಅಡುಗೆಮನೆಯ ಬಕೆಟ್ಟಿನಲ್ಲಿ ತಣ್ಣೀರಿಗೆ ಇಳಿಸುತ್ತಿದ್ದಾಗ, ಮೇಲಿನ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಹೇಳಲು ಅಜ್ಜಿ ಇಳಿದು ಬಂದಳು. ಬಕೆಟ್ಟು ನೋಡಿ ನಲ್ಲಿ ಮರೆತಳು.

"ಏನಪ್ಪ ಕಾಂಪೌಂಡರ, ಇಷ್ಟೊಂದು ಮದ್ದು ಯಾತಕ್ಕೆ?"

ಅಜ್ಜಿಯ ಕೈ ಅವಳ ಮಂಡಿಯ ಮೇಲಿತ್ತು. ಕಾಂಪೌಂಡರನ ಕಣ್ಣು ಅಲ್ಲಿಗೆ ಹೋಯಿತು, ಬಾಯಿ ಅದರ ಹಿಂದೆಯೇ ಹೋಯಿತು. "ಮಂಡಿನೋವಿಗೆ, ಅಜ್ಜಿ," ಎಂದುಬಿಟ್ಟ.

"ಮೂರು ವರ್ಷದಿಂದ ನಿನ್ನ ತಲೆ ಮೇಲೇ ನರಳ್ತಾ ಇದೀನಿ, ಒಂದು ಮಾತು ಹೇಳಿಲ್ವಲ್ಲ," ಎನ್ನುತ್ತ ಅಜ್ಜಿ ಒಂದು ಸೀಸೆ ಎತ್ತಿ ಲೇಬಲ್ ಓದಿದಳು. ಹೇಳಿದಂತೆ ಚೆನ್ನಾಗಿ ಅಲ್ಲಾಡಿಸಿದಳು. "ದಿನಕ್ಕೆ ಮೂರು ಸಲ ಅಂತಿದೆ. ಮೂರು ಸಲ ಮೆಟ್ಟಿಲು ಇಳಿಯೋ ಹಾಗಿದ್ರೆ ಮದ್ದು ಯಾಕೆ ಬೇಕಿತ್ತು? ಮೂರನ್ನೂ ಈಗಲೇ ಕುಡಿದುಬಿಡ್ತೀನಿ."

ಕುಡಿದೇಬಿಟ್ಟಳು. ತುಟಿಗಳು ಬಾಯೊಳಕ್ಕೆ ಹೋಗಿ ಕಾಣದಾದವು, ಮೈ ಒಮ್ಮೆ ಜುಮ್ಮೆಂದಿತು. "ಮದ್ದು ಅಂದ್ರೆ ಹೀಗಿರಬೇಕು," ಎಂದವಳು ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದಳು. ಕಾಂಪೌಂಡರನಿಗೆ ಹೊಟ್ಟೆ ಉರಿಯಿತು. ಆದರೂ ಐದು ಉಳಿದಿವೆಯಲ್ಲ ಎಂದು ಸಮಾಧಾನ ತಂದುಕೊಂಡ.

ಆ ಸಮಾಧಾನ ಹತ್ತು ನಿಮಿಷವೂ ಬಾಳಲಿಲ್ಲ. ಅಜ್ಜಿ ಮಹಡಿಯಿಂದಲೇ ಬೀದಿಗೆಲ್ಲ ಸುದ್ದಿ ಹಂಚಿದ್ದಳು. ಮೊದಲು ಪಕ್ಕದ ಮನೆಯ ದರ್ಜಿ ಕುತ್ತಿಗೆ ಹಿಡಿದುಕೊಂಡು ಬಂದ. ಇದು ಮಂಡಿಗೆ ಮಾತ್ರ ಎಂದು ಎಷ್ಟು ಹೇಳಿದರೂ, ಮೂಳೆ ಎಲ್ಲಿದ್ದರೂ ಮೂಳೆಯೇ ಎಂದು ವಾದಿಸಿ, ತನಗೊಂದು ಅತ್ತೆಗೊಂದು ಎಂದು ಎರಡು ಸೀಸೆ ಎತ್ತಿಕೊಂಡ. ಬಾಗಿಲಲ್ಲೇ ಒಂದು ಗುಟುಕು ಕುಡಿದು, ಹಿಡಿದುಹೋಗಿದ್ದ ಕುತ್ತಿಗೆಯನ್ನು ಎರಡೂ ಕಡೆಗೆ ಜೋರಾಗಿ ಅಲ್ಲಾಡಿಸಿದ. ಗುಣವಾಯಿತೆಂದು ಬೀದಿಯಲ್ಲಿ ನಿಂತು ನೋಡುತ್ತಿದ್ದವರೇ ತೀರ್ಮಾನಿಸಿದರು.

ಆಮೇಲೆ ಎದುರುಮನೆಯ ಮೇಷ್ಟ್ರು ಕೆಮ್ಮುತ್ತ ಬಂದರು. ಅವರು ಪಾನವಿರೋಧಿ ಸಮಿತಿಯ ಅಧ್ಯಕ್ಷರು. ಅವರು ಸೀಸೆಯನ್ನು ಬೆಳಕಿಗೆ ಹಿಡಿದಾಗ ಕಾಂಪೌಂಡರನ ಜೀವ ಬಾಯಿಗೆ ಬಂತು. ಮೇಷ್ಟ್ರು ಕುಡಿದರು. ಕಣ್ಣಲ್ಲಿ ನೀರು ಬಂತು, ಕೆಮ್ಮು ಬೆಚ್ಚಿ ನಿಂತಿತು.

"ಕುಡುಕರಿಗೆಲ್ಲ ಇದನ್ನೇ ಕೊಡಬೇಕು ಕಾಂಪೌಂಡರೆ," ಎಂದರು ಗಂಭೀರವಾಗಿ. "ಜನ್ಮದಲ್ಲಿ ಸೀಸೆ ಮುಟ್ಟಲ್ಲ."

ಮೇಷ್ಟ್ರಿಗೆ ರುಚಿಯ ಗಂಧವೇ ಇಲ್ಲ ಎಂದು ಕಾಂಪೌಂಡರ ಮನಸ್ಸಿನಲ್ಲೇ ಬೈದುಕೊಂಡ. ಸಮಿತಿಯ ಹೆಸರಿನಲ್ಲಿ ಅವರು ಎರಡು ಸೀಸೆ ಒಯ್ದರು. ಕೊನೆಯದೊಂದನ್ನು ಅವನು ಹೇಗೋ ಮಳೆಕೋಟಿನ ತೋಳಿನೊಳಗೆ ತುರುಕಿ ಉಳಿಸಿಕೊಂಡ. ಮಧ್ಯಾಹ್ನವೆಲ್ಲ ಆ ಕೋಟಿನ ಮುಂದೆಯೇ ಕುರ್ಚಿ ಹಾಕಿ ಕೂತಿದ್ದ. ಹಿತ್ತಲಲ್ಲಿ ಏನೋ ಸದ್ದಾದರೂ ಎದ್ದು ನೋಡಲಿಲ್ಲ.

ನಾಲ್ಕು ಹೊಡೆಯಿತು. ಬಾಗಿಲಿಗೆ ಅಗುಳಿ ಬಿತ್ತು. ಹೆಂಡತಿ ತಟ್ಟೆಯಲ್ಲಿ ಸೇಬಿನ ಹೋಳು ತಂದಿಟ್ಟಳು. ಅವನು ಎರಡು ಲೋಟಕ್ಕೆ ಸುರಿದ. ಹೊಂಬಣ್ಣದ ಸೈಡರನ್ನು ಬೆಳಕಿಗೆ ಹಿಡಿದು ನೋಡಿದ. ಅವಳು ಲೋಟವನ್ನು ಮೂಗಿನ ಹತ್ತಿರ ತಂದು, ಮೆಲ್ಲಗೆ ಕೆಳಗಿಟ್ಟಳು. ಅವನು ದೊಡ್ಡ ಗುಟುಕೇ ಕುಡಿದ.

ಅಪ್ಪಟ ಹುಳಿ ವಿನೆಗರ್. ದಿನಾ ಮುಚ್ಚಳ ತೆಗೆದು ನಲವತ್ತು ದಿನ ಗಾಳಿ ಕುಡಿಸಿದ್ದರ ಫಲ. ಅವನ ದವಡೆಗಳು ಒಂದಕ್ಕೊಂದು ಅಂಟಿಕೊಂಡವು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ಹೋಗ್ಲಿ ಬಿಡಿ. ಮರದಲ್ಲಿ ಇನ್ನೂ ಹಣ್ಣಿದೆ. ದಿನಕ್ಕೆರಡು ತಿಂತಾ ಇರೋಣ."

ಸೋಲು ಅಷ್ಟೇನೂ ಹುಳಿಯಲ್ಲ ಎಂದು ಅವನಿಗೆ ಅನ್ನಿಸುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆರೆದರೆ ಅಜ್ಜಿ, ಹಿಂದೆ ದರ್ಜಿ, ಮೇಷ್ಟ್ರು. ಮೂವರ ನಡುವೆ ಬಾಯಿ ಕಟ್ಟಿದ ನಾಲ್ಕು ಚೀಲ.

"ಸೇಬಿನಿಂದ ಮಾಡೋದಂತೆ, ನಿನ್ನ ಹೆಂಡತಿ ಹೇಳಿದ್ಲು," ಎಂದಳು ಅಜ್ಜಿ. "ಮರದಲ್ಲಿ ಒಂದೂ ಬಿಟ್ಟಿಲ್ಲ ನೋಡು, ಎಲ್ಲಾ ಕಿತ್ತುಬಿಟ್ವಿ. ಬೀದಿಗೆಲ್ಲ ಆಗೋಷ್ಟು ಮಾಡು."

ಆಮೇಲೆ ಅವಳ ಕಣ್ಣು ಅವನ ಮುದುಡಿದ ಮುಖದ ಮೇಲೂ ಕೈಯಲ್ಲಿದ್ದ ಲೋಟದ ಮೇಲೂ ಬಿತ್ತು. ಪಾಪ, ನಿನಗೂ ನೋವಾ ಎಂದು ವಿಚಾರಿಸಿಕೊಂಡು, ಕುರ್ಚಿ ಎಳೆದು ಎದುರಿಗೇ ಕೂತಳು.

"ಒಂದೇ ಗುಟುಕಿಗೆ ಬಿಟ್ರೆ ಹೇಗಪ್ಪ? ನೀನೇ ಅಂಟಿಸಿರೋದು. ಮೂರು ಸಲ."

ಹೆಂಡತಿ ಸೀಸೆಯನ್ನು ಚೆನ್ನಾಗಿ ಅಲ್ಲಾಡಿಸಿ ಲೋಟ ತುಂಬಿದಳು.