ನಿನಗೇನ ಖರ್ಚೈತಿ?

ಪುಕ್ಕಟೆ ಸಿಕ್ಕಿದ್ದಕ್ಕೆ ಕಿಮ್ಮತ್ತಿಲ್ಲ ಎಂದು ನಾನೂ ಬಹಳ ದಿನ ನಂಬಿಕೊಂಡಿದ್ದೆ. ಈಗ ನಂಬುವುದಿಲ್ಲ. ಸರಕಾರದವರು ಹೆಂಗಸರಿಗೆ ಬಸ್ಸನ್ನು ಪುಕ್ಕಟೆ ಮಾಡಿದ ಮೇಲೆ ನಮ್ಮ ಮನೆಯಲ್ಲಿ ನನ್ನ ಕಿಮ್ಮತ್ತು ಎಷ್ಟು ಏರಿತೆಂದರೆ, ಭಾನುವಾರ ನಾನು ಮನೆಯಲ್ಲಿ ಸುಮ್ಮನೆ ಕೂತರೆ ಎಲ್ಲರಿಗೂ ಏನೋ ನಷ್ಟವಾದಂತೆ ಅನಿಸತೊಡಗಿತು. ಇದನ್ನು ಬರೆಯುವಾಗಲೂ ಸೊಂಟ ನೋಯುತ್ತಿದೆ. ವಯಸ್ಸಿನ ನೋವೆಂದು ಡಾಕ್ಟರು ಹೇಳಿದರು. ಅವರು ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತು ರಾಮದುರ್ಗಕ್ಕೆ ಹೋದವರಲ್ಲ.

ನಮ್ಮ ಮನೆಯವರದು ಬೈಲಹೊಂಗಲದ ಪೇಟೆಯಲ್ಲಿ ಸಣ್ಣ ಬಟ್ಟೆ ಅಂಗಡಿ. ಮೊದಲೆಲ್ಲ ಹಬ್ಬದ ಮುಂದೆ ಊಟಕ್ಕೆ ಬರಲೂ ಅವರಿಗೆ ಪುರುಸೊತ್ತಿರುತ್ತಿರಲಿಲ್ಲ. ಈಗ ಗಿರಾಕಿಗಳು ಬಂದು ಇದ್ದಬದ್ದ ಸೀರೆಗಳನ್ನೆಲ್ಲ ಬಿಚ್ಚಿಸಿ, ಒಂದರ ಫೋಟೋ ಹೊಡೆದುಕೊಂಡು, ಮನೆಗೆ ಹೋಗಿ ಅಂಥದ್ದನ್ನೇ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ. ಇವರ ಪಾಲಿಗೆ ಉಳಿಯುವುದು ಸೀರೆ ಮಡಿಚುವ ಕೆಲಸ. ನಾನು ಅದೇ ಊರಿನ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಗಾರ ಎಷ್ಟೆಂದು ಹೇಳುವುದಿಲ್ಲ. ಹೇಳಿದರೆ ಮಕ್ಕಳು ನನಗೆ ಹೆದರುವುದನ್ನು ಬಿಟ್ಟಾರು.

ಒಂದು ಸಂಜೆ ಇವರು ಖರ್ಚು ಕಡಿಮೆ ಮಾಡುವ ಠರಾವು ಹೊರಡಿಸಿದರು. ಪೇಪರು ನಿಂತಿತು. ಅದನ್ನು ಪಕ್ಕದ ಕಟಿಂಗ್ ಅಂಗಡಿಯಲ್ಲಿ ಓದಬಹುದಂತೆ. ಶೇಂಗಾ ಚಟ್ನಿಯಲ್ಲಿ ಶೇಂಗಾ ಕಡಿಮೆಯಾಗಿ ಖಾರ ಹೆಚ್ಚಾಯಿತು. ಪೆಟ್ರೋಲು ಕುಡಿಯುತ್ತದೆಂದು ಮೋಟರ್ ಸೈಕಲ್ಲಿಗೆ ಹಳೇ ಚಾದರ ಹೊದಿಸಿ ಮಲಗಿಸಿದರು. ಅವರ ಎಲೆ, ಅಡಿಕೆ, ತಂಬಾಕಿನ ಚೀಲ ಮಾತ್ರ ಠರಾವಿನ ಹೊರಗುಳಿಯಿತು. ಕೇಳಿದ್ದಕ್ಕೆ ಅದು ಖರ್ಚಲ್ಲ, ಸ್ವಭಾವ ಎಂದರು. ನಾನೂ ಏನು ಸಾಚಾ ಅಲ್ಲ. ಶಾಲೆ ಬಿಟ್ಟು ಬರುವ ದಾರಿಯಲ್ಲಿ ಗಿರಮಿಟ್ ತಿಂದು, ಬಾಯಿ ಒರೆಸಿಕೊಂಡು, ಹಸಿದವಳ ಮುಖ ಮಾಡಿಕೊಂಡು ಮನೆ ಸೇರುತ್ತಿದ್ದೆ.

ಅದೇ ಹೊತ್ತಿಗೆ ರಾಮದುರ್ಗದಲ್ಲಿ ಇವರ ಚಿಕ್ಕಪ್ಪನ ಮಗನ ಮನೆಯ ವಾಸ್ತುಶಾಂತಿ ಬಂತು. ಇಬ್ಬರೂ ಹೋಗೋಣವೆಂದು ನಾನು ಸೀರೆ ತೆಗೆದಿಟ್ಟಿದ್ದೆ. ಇವರು ಚಾದರ ಹೊದ್ದ ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ನೀ ಒಬ್ಬಾಕಿ ಹೋಗಿ ಬಾ. ನಿನಗೇನ ಖರ್ಚೈತಿ?”

ಆ ಒಂದು ಮಾತಿನಿಂದ ನನ್ನ ಭಾನುವಾರಗಳು ಮುಗಿದವು. ಅತ್ತೆಯವರು ಹರಕೆಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದರು. ಸಿರಸಂಗಿಯ ಕಾಳಮ್ಮನಿಗೆ ಉಡಿ ತುಂಬಿ ಬಂದೆ. ಕಿತ್ತೂರಿನಲ್ಲಿ ಬಸ್ಸು ಬದಲಿಸಿ ದೇಗಾಂವದ ಗುಡಿಗೆ ಹೋಗಿ ಅವರ ಪರವಾಗಿ ಕೈಮುಗಿದು ಬಂದೆ. ಒಂದು ಸಲ ಸಂಗೊಳ್ಳಿಯ ಅವರ ಅಣ್ಣನ ಮನೆಯಿಂದ ಜೋಳದ ಚೀಲ ತರಲು ಕಳಿಸಿದರು. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆಯ ಟಿಕೆಟ್ ಕೊಟ್ಟ. ಆಮೇಲೆ ಚೀಲ ನೋಡಿ ಅದಕ್ಕೆ ಲಗೇಜ್ ಚಾರ್ಜು ತೆಗೆದುಕೊಂಡ. ಅಂದರೆ ಆ ಸೀಟಿನಲ್ಲಿ ಬೆಲೆ ಇದ್ದದ್ದು ಜೋಳಕ್ಕೆ ಮಾತ್ರ. ಮನೆಯಲ್ಲಿ ಲಗೇಜಿನ ದುಡ್ಡಿಗಾಗಿ ಬೇರೆ ಮಾತು ಕೇಳಬೇಕಾಯಿತು. ಕ್ರಮೇಣ ಓಣಿಯವರೂ ಬರತೊಡಗಿದರು. ನಮ್ಮ ಸೊಸಿಗೆ ರೊಕ್ಕ ಹತ್ತೂದಿಲ್ಲ ಎಂದು ಅತ್ತೆಯವರು ಬಲು ಹೆಮ್ಮೆಯಿಂದ ಎಲ್ಲರ ಗಂಟುಗಳನ್ನೂ ಒಪ್ಪಿಕೊಳ್ಳುತ್ತಿದ್ದರು.

ಇದೆಲ್ಲವನ್ನೂ ನಗುನಗುತ್ತ ಮಾಡಿಬಿಡುತ್ತಿದ್ದೆನೋ ಏನೋ. ಆದರೆ ನನಗೊಂದು ಆಸೆಯಿತ್ತು. ನಮ್ಮ ಶಾಲೆಯವರು ಸವದತ್ತಿಯಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಅದರ ಮುಖ್ಯೋಪಾಧ್ಯಾಯರನ್ನು ನಮ್ಮೊಳಗಿಂದಲೇ ಆರಿಸುತ್ತೇವೆ, ಆಡಳಿತ ಮಂಡಳಿಯ ಮುಂದೆ ಇಂಗ್ಲಿಷಿನಲ್ಲಿ ಮಾತಾಡಬೇಕು ಎಂದಿದ್ದರು. ಹೆಡ್ ಮೇಡಮ್ ಆಗಬೇಕೆಂದು ನನಗೆ ಎಷ್ಟೋ ವರ್ಷದಿಂದ ಇತ್ತು. ಕಾರಣ ದೊಡ್ಡದೇನಲ್ಲ. ಕೈಗಳಿರುವ ಕುರ್ಚಿ, ಮೇಜಿನ ಮೇಲೊಂದು ಗಂಟೆ, ಗಂಟೆ ಬಾರಿಸಿದರೆ ಬೇರೆ ಯಾರೋ ಎದ್ದು ಬರುವುದು. ದಣಿದ ಹೆಂಗಸಿಗೆ ಇದಕ್ಕಿಂತ ಹೆಚ್ಚಿನ ಮಹತ್ವಾಕಾಂಕ್ಷೆ ಬೇಕಾಗುವುದಿಲ್ಲ. ಬಡಿಗೇರ ಸರ್ ಕೂಡ ಪೈಪೋಟಿಯಲ್ಲಿದ್ದರು. ಅವರು ಭಾನುವಾರ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಾರೆಂಬ ಸುದ್ದಿ ಬಂತು. ನನಗಿದ್ದದ್ದು ಬಸ್ಸು. ಸವದತ್ತಿ ದಾಟುವವರೆಗೆ ಕಂಬಿಗೆ ಜೋತುಬಿದ್ದು ನಿಂತು, ಕಣ್ಣು ಮುಚ್ಚಿ, ಇಂಗ್ಲಿಷ್ ಭಾಷಣವನ್ನು ಗುಣುಗುಣು ಬಾಯಿಪಾಠ ಮಾಡುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ನಿಂತ ಹೆಣ್ಣುಮಗಳು ಭಕ್ತಿಯಿಂದ ಕೇಳಿದಳು:

“ಅಕ್ಕಾರ, ಯಾವ ದೇವರ ಮಂತ್ರರೀ ಇದು? ನನಗೂ ಹೇಳಿಕೊಡ್ರಿ, ನಮ್ಮನಿಯವರ ಕುಡಿಯೂದ ಬಿಡಿಸಬೇಕಾಗೇತಿ.”

ಸಂದರ್ಶನದ ದಿನ ಬೆಳಿಗ್ಗೆ ಅತ್ತೆಯವರು ಎಣ್ಣೆಯ ಬಾಟಲಿ ತಂದು ನನ್ನ ಮುಂದಿಟ್ಟರು. ರಾಮದುರ್ಗದ ಅವರ ತಂಗಿಗೆ ಮೊಣಕಾಲು ಹಿಡಿದಿತ್ತಂತೆ. ಮೊದಲ ಸಲ ನಾನು ಆಗುವುದಿಲ್ಲ ಎಂದೆ, ಕಾರಣವನ್ನೂ ಹೇಳಿದೆ. ಇವರು ತಕ್ಷಣ ಎದ್ದು, ತಾವೇ ಹೋಗಿ ಕೊಟ್ಟು ಬರುವುದಾಗಿ ಹೇಳಿ ಅಂಗಿ ಹಾಕಿಕೊಂಡರು. ಮದುವೆಯಾದ ಮೇಲೆ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಆ ಗಳಿಗೆಯಲ್ಲೇ ಇರಬೇಕು. ಹೊಸ್ತಿಲ ತನಕ ಹೋದವರು ನಿಂತರು, ಬೆರಳು ಮಡಿಚಿ ಲೆಕ್ಕ ಹಾಕಿದರು, ಮತ್ತೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಸೋಮವಾರ ಶಾಲೆಗೆ ರಜೆ ಇದೆಯಲ್ಲ, ಅಂದು ನಾನೇ ಹೋದರಾಯಿತಂತೆ.

ಸಂದರ್ಶನ ಚೆನ್ನಾಗಿ ಆಯಿತು. ಎಲ್ಲಿಯೂ ತಡವರಿಸಲಿಲ್ಲ. ಬಸ್ಸಿನಲ್ಲಿ ಅಭ್ಯಾಸವಾಗಿದ್ದರಿಂದ ನಡುನಡುವೆ ಕೈ ಮಾತ್ರ ಮೇಲಿನ ಕಂಬಿಯನ್ನು ಹುಡುಕುತ್ತಿತ್ತು. ನಾಲ್ಕನೆಯ ದಿನ ಮಂಡಳಿಯ ಚೇರಮನ್ನರು ಕರೆದು, ಸವದತ್ತಿಯ ಶಾಖೆ ನಿಮ್ಮದೇ ಎಂದರು. ನನ್ನ ಕಣ್ಣು ತುಂಬಿ ಬಂತು. ದಿನಮಾನ ಸರಿಯಿಲ್ಲ, ಸದ್ಯ ಪಗಾರ ಇಷ್ಟೇ ಇರಲಿ ಎಂದರು. ತಲೆಯಾಡಿಸಿದೆ. ದಿನಾ ಹೋಗಿಬರಬೇಕಲ್ಲ, ಪ್ರಯಾಣಕ್ಕೆ ಏನಾದರೂ ಕೊಡುತ್ತೀರಾ ಎಂದು ಅಂಜುತ್ತ ಕೇಳಿದೆ.

“ನಿಮಗ ಬಸ್ ಪುಕ್ಕಟ ಐತೆಲ್ಲರಿ ಮೇಡಮ್? ಖರೇ ಹೇಳಬೇಕಂದ್ರ, ಅದಕ್ಕ ನಿಮ್ಮನ್ನ ಆರಿಸೇವಿ. ಬಡಿಗೇರ ಸರ್‌ನ ಕಳಿಸಿದ್ರ ದಿನಾ ಟಿಕೆಟ್ಟಿನ ರೊಕ್ಕ ಯಾರ ಕೊಡಬೇಕು?”

ಅಷ್ಟು ದಿನ ಬಾಯಿಪಾಠ ಮಾಡಿದ ಭಾಷಣ, ನನ್ನ ಓದು, ನನ್ನ ಅನುಭವ ಎಲ್ಲ ಆ ಸೊನ್ನೆಯ ಟಿಕೆಟ್ಟಿನ ಮುಂದೆ ಸಣ್ಣವಾದವು. ಬಹಳ ನೋವಾಯಿತು. ಬೇಡವೆಂದು ಹೇಳಿಬಿಡೋಣ ಎಂದುಕೊಂಡೇ ಮನೆಗೆ ಬಂದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿ, ಮನೆಯಲ್ಲಿ ಆಗಲೇ ಪೇಡೆ ಬಂದಿದ್ದವು. ದಿನಾ ಸವದತ್ತಿಗೆ ಹೋಗುವ ಸೊಸೆಯಿಂದ ಏನೇನು ತರಿಸಬಹುದೆಂದು ಅತ್ತೆಯವರು ಯೋಚಿಸುತ್ತಿದ್ದರು. ನನ್ನ ಬಾಯಿಗೆ ಪೇಡೆ ಬಿತ್ತು, ಮಾತು ಒಳಗೇ ಉಳಿಯಿತು.

ಈಗ ಸವದತ್ತಿಯಲ್ಲಿ ನನಗೆ ಕೈಗಳಿರುವ ಕುರ್ಚಿ ಇದೆ, ಗಂಟೆಯೂ ಇದೆ. ಖರ್ಚಿನ ಮೇಲೆ ಕಣ್ಣಿಡಬೇಕೆಂದು ಚೇರಮನ್ನರ ಕಟ್ಟಪ್ಪಣೆಯೂ ಇದೆ. ಹೋದ ಶನಿವಾರ ಮಕ್ಕಳ ಸಮವಸ್ತ್ರದ ಗಂಟನ್ನು ಬೈಲಹೊಂಗಲದ ಶಾಲೆಯಿಂದ ತರಿಸಬೇಕಾಗಿತ್ತು. ಸಿಪಾಯಿ ಖಾಲಿ ಕೂತಿದ್ದ. ಹೊಸದಾಗಿ ಸೇರಿದ ಸವಿತಾ ಎಂಬ ಹುಡುಗಿ ಟೀಚರು ಶಾಲೆ ಬಿಟ್ಟ ಮೇಲೂ ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತ ಮೂಲೆಯಲ್ಲಿದ್ದಳು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ.

“ಸವಿತಾ ಟೀಚರ್, ನೀವ ಹೋಗಿ ತುಗೊಂಡ ಬರ್ರಿ. ನಿಮಗೇನ ಖರ್ಚೈತಿ?”

ಅವಳು ಪುಸ್ತಕ ಮುಚ್ಚಿ, ಆಧಾರ್ ಕಾರ್ಡು ಇದೆಯೋ ಇಲ್ಲವೋ ನೋಡಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ನಡಿಗೆ ಥೇಟ್ ನನ್ನದೇ. ಅವಳನ್ನು ವಾಪಸ್ ಕರೆಸಿ ಸಿಪಾಯಿಯನ್ನು ಕಳಿಸೋಣವೆಂದು ಗಂಟೆಯ ಮೇಲೆ ಕೈ ಇಟ್ಟೆ. ಅವನು ಹೋಗಿಬರುವ ಟಿಕೆಟ್ಟು ಎಷ್ಟಾಗುತ್ತದೆಂದು ನೆನಪಾಯಿತು. ಕೈ ಹಿಂದಕ್ಕೆ ತೆಗೆದುಕೊಂಡೆ.