ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದ್ದು

ಸೊಸೆಯಾದವಳಿಗೆ ಅತ್ತೆಯ ಮೈಯಲ್ಲಿ ಚೆನ್ನಾಗಿ ಪರಿಚಯವಿರುವ ಭಾಗವೆಂದರೆ ಪಾದ. ಹಬ್ಬಕ್ಕೊಮ್ಮೆ, ಹೊಸ ಸೀರೆ ಉಟ್ಟಾಗೊಮ್ಮೆ, ಊರಿಗೆ ಹೊರಟಾಗೊಮ್ಮೆ, ಬಂದಾಗೊಮ್ಮೆ ಬಗ್ಗಿ ಬಗ್ಗಿ ಮುಟ್ಟಿ, ಅದರ ಬಿರುಕು, ಬೆರಳು, ಉಗುರು ಎಲ್ಲ ಬಾಯಿಪಾಠವಾಗಿರುತ್ತವೆ. ಅದರಿಂದ ಮೇಲಿನದೆಲ್ಲ ನಕಾಶೆಯಲ್ಲಿಲ್ಲದ ಸೀಮೆ. ಮದುವೆಯಾಗಿ ಎಷ್ಟೋ ವರ್ಷವಾದರೂ ನಾನು ನನ್ನ ಅತ್ತೆಯ ಮೊಣಕೈ ಮುಟ್ಟಿದವಳಲ್ಲ. ಮುಟ್ಟುವ ಪ್ರಸಂಗವೂ ಬಂದಿರಲಿಲ್ಲ.

ಅತ್ತೆ ಗುರಮ್ಮ ಸಿರುಗುಪ್ಪದ ಕಡೆಯ ಕರೂರಿನವರು. ಮಾವ ತೀರಿಕೊಂಡ ಮೇಲೆ ಗದ್ದೆಯ ಬದುವಿನ ಮೇಲೆ ನಿಂತು ತಾವೇ ಭತ್ತ ಬೆಳೆಸಿದವರು. ಅವರು ಒಮ್ಮೆ ಕೆಮ್ಮಿದರೆ ನಾಟಿ ಹಾಕುವ ಹೆಣ್ಣಾಳುಗಳ ಸಾಲು ನೆಟ್ಟಗಾಗುತ್ತಿತ್ತಂತೆ. ನಾನೋ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಕಿಟಕಿಯ ಪಕ್ಕ ಕುಳಿತು, ಬಿಸಿಲಿಗೆ ನಡುಗುವ ಕೋಟೆಗುಡ್ಡ ನೋಡುತ್ತ, ಒಲೆಯ ಮೇಲಿನ ಹಾಲನ್ನು ಉಕ್ಕಿಸುತ್ತಿದ್ದವಳು. “ನಿನ್ನ ಹೆಂಡ್ತಿ ಎಚ್ಚರ ಅದಾಳೋ, ಮಲಗ್ಯಾಳೋ, ಕಣ್ಣು ನೋಡಿದ್ರ ಗೊತ್ತಾಗಂಗಿಲ್ಲಲೇ” ಎಂದು ಅತ್ತೆ ಮಗನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆಕ್ಷೇಪಿಸಬೇಕೆಂದುಕೊಂಡೆ. ಅಷ್ಟರಲ್ಲಿ ಏನೋ ಯೋಚನೆ ಬಂದು ಮರೆತುಹೋಯಿತು.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅತ್ತೆ ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕಾಲಿಗೆ ಭಾರ ಕಟ್ಟಿ ವಾರಗಟ್ಟಲೆ ಮಲಗಿಸಿದರು. ಮೂಳೆ ಕೂಡಿತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ನಮ್ಮ ಮನೆಗೆ ಕಳಿಸಿದರು. ಹೊರಡುವ ದಿನ ವಾರ್ಡಿನ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಪಾಠ ಮಾಡಿದಳು. ನಾಡಿಯನ್ನು ಹೆಬ್ಬೆರಳಿಂದ ಹಿಡಿಯಬಾರದು, ಹಿಡಿದರೆ ನಮ್ಮ ನಾಡಿಯನ್ನೇ ನಾವು ಎಣಿಸುತ್ತೇವೆ. ಉಸಿರು ಎಣಿಸುವುದನ್ನು ರೋಗಿಗೆ ತಿಳಿಸಬಾರದು, ತಿಳಿಸಿದರೆ ಅವರ ಉಸಿರಾಟವೇ ಬೇರೆಯಾಗುತ್ತದೆ. ನಾಡಿ ನೋಡುವವರಂತೆ ಕೈ ಹಿಡಿದುಕೊಂಡೇ ಎದೆಯ ಏರಿಳಿತ ನೋಡಬೇಕು. ಆಗಾಗ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಆಮೇಲೆ ಮಂಚದ ಮೇಲಿದ್ದ ಅತ್ತೆಗೂ ಕೇಳುವಂತೆ ದನಿ ಎತ್ತಿ, “ಮುಖ್ಯ ಅಂದ್ರ ಎಬ್ಬಿಸಿ ನಿಲ್ಲಿಸ್ಬೇಕಮ್ಮಾ. ಮೊದ್ಲು ಕಾಲು ಇಳಿಬಿಟ್ಟು ಕೂಡ್ರಸ್ರಿ. ತಲಿ ತಿರುಗೋದು ನಿಂತ ಮ್ಯಾಲೆ ಎದುರಿಗೆ ನಿಂದ್ರಿ, ನಿಮ್ಮ ಮೊಣಕಾಲು ಅವರ ಮೊಣಕಾಲಿಗೆ ಒತ್ತು ಕೊಡ್ರಿ, ಕಂಕುಳದಾಗ ಕೈ ಹಾಕಿ ಬಿಗಿಯಾಗಿ ಅಪ್ಪಿಕೊಂಡು ಎತ್ತಿಬಿಡ್ರಿ” ಎಂದಳು.

ನಾಡಿಗೆ, ಉಸಿರಿಗೆ ತಲೆಯಾಡಿಸುತ್ತಿದ್ದ ನಾನು ಅಪ್ಪಿಕೊಳ್ಳುವ ವಿಷಯ ಬಂದೊಡನೆ ಅತ್ತೆಯ ಕಡೆ ನೋಡಿದೆ. ಅವರು ಗೋಡೆಯ ಕಡೆ ನೋಡಿದರು.

ಮೊದಲ ಸಲ ಎಬ್ಬಿಸಿದ್ದು ಯುದ್ಧದಂತೆ ನಡೆಯಿತು. ಅಪ್ಪಿಕೊಳ್ಳಲು ಸಂಕೋಚವಾಗಿ ನಾನು ಅವರ ರಟ್ಟೆಗಳನ್ನು ಚಿಮಟದಲ್ಲಿ ಹಿಡಿದಂತೆ ತುದಿಬೆರಳಲ್ಲಿ ಹಿಡಿದೆ. ಅತ್ತೆ ಅರ್ಧ ಎದ್ದರು, ಕಾಲು ನಡುಗಿತು, ಮರುಕ್ಷಣ ಇಬ್ಬರೂ ಮಂಚದ ಮೇಲೆ. ನಾನು ಕೆಳಗೆ, ಕರೂರು ಮೇಲೆ. ಉಸಿರು ತಿರುಗಿ ಬಂದ ಮೇಲೆ ಅತ್ತೆ ತೀರ್ಪು ಕೊಟ್ಟರು: “ಸಾಕು. ಇನ್ನ ನನ್ನ ಎಬ್ಬಿಸಬ್ಯಾಡ. ಶಿವ ಎಬ್ಬಿಸಿದಾಗ ಏಳ್ತೀನಿ.”

ಅಂದಿನಿಂದ ಅವರು ಏಳಲಿಲ್ಲ. ನನ್ನ ಯಜಮಾನರು ಕಚೇರಿಗೆ ಹೋಗುವ ಮುಂಚೆ ಬೇಡಿಕೊಂಡರು, ಬಂದ ಮೇಲೆ ಗದರಿಸಿದರು. ಅತ್ತೆ ಕಣ್ಣು ಮುಚ್ಚಿ ಶಿವಾ ಎನ್ನುತ್ತಿದ್ದರು, ಅಷ್ಟೆ. ನನಗೆ ಉಳಿದದ್ದು ನಾಡಿ, ಉಸಿರು ಮತ್ತು ಕಂಕುಳಿಗೆ ಇಡುವ ಥರ್ಮಾಮೀಟರು. ಬಾಯಲ್ಲಿಟ್ಟರೆ ಅವರು ಅದನ್ನಿಟ್ಟುಕೊಂಡೇ ಮಾತಾಡುತ್ತಿದ್ದರು.

ಆ ಮಧ್ಯಾಹ್ನಗಳು ಈಗಲೂ ನನ್ನ ಕಣ್ಣೆದುರಿಗಿವೆ. ಹೊರಗೆ ಬಳ್ಳಾರಿಯ ಬಿಸಿಲು ಬೀದಿನಾಯಿಗಳನ್ನೂ ಮನೆಯೊಳಗೆ ಅಟ್ಟುತ್ತಿತ್ತು. ಕಿಟಕಿಗೆ ಕಟ್ಟಿದ ಲಾವಂಚದ ಚಾಪೆಗೆ ನೀರು ಚಿಮುಕಿಸಿ, ಆ ತಂಪು ಮಬ್ಬಿನಲ್ಲಿ ನಾನು ಅತ್ತೆಯ ಕೈ ಹಿಡಿದು ಕೂರುತ್ತಿದ್ದೆ. ಬೆರಳ ಕೆಳಗೆ ನಾಡಿ ಮೆಲ್ಲಗೆ ಬಡಿಯುತ್ತಿತ್ತು. ಎಣಿಸಲು ತೊಡಗುತ್ತಿದ್ದೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಂಕಿಗಳು ಕರಗಿ, ಅದು ಕಾಲುವೆಯ ನೀರು ತೂಬಿನಿಂದ ಗದ್ದೆಗೆ ಇಳಿಯುವ ಸದ್ದಾಗುತ್ತಿತ್ತು. ಅತ್ತೆಯೂ ಅರೆನಿದ್ದೆಯಲ್ಲಿ ಏನೋ ಹೇಳುತ್ತಿದ್ದರು. ರಾರಾವಿಯ ಹತ್ತಿರ ಹೊಳೆ ತುಂಬಿದ್ದು, ತವರಿಗೆ ಹೊರಟ ತಾವು ಆಚೆ ದಡ ನೋಡುತ್ತ ಸಂಜೆಯವರೆಗೆ ಕೂತದ್ದು, ನೀರಿನ ಮೇಲೆ ಬೆಳ್ಳಕ್ಕಿ ಹಾರಿದ್ದು. ಅವರ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಗಾಳಿಗೆ ಭತ್ತದ ಪೈರು ಬಾಗಿ ಏಳುವಂತೆ. ನಾನೂ ಅದರ ಜೊತೆ ಬಾಗಿ ಏಳುತ್ತಿದ್ದೆ. ಒಂದು ದಿನ ಅತ್ತೆ ತಟ್ಟನೆ ಕಣ್ಣು ತೆರೆದು, ತಮ್ಮ ಎದೆಯನ್ನೇ ದಿಟ್ಟಿಸುತ್ತಿದ್ದ ನನ್ನನ್ನು ನೋಡಿ, “ಯಾಕ, ಇದ್ದೀನೋ ಹೋದೆನೋ ನೋಡಾಕತ್ತಿ ಏನು?” ಎಂದರು. ಉಸಿರಿನ ಗುಟ್ಟು ಹೇಳುವಂತಿರಲಿಲ್ಲ. “ಸರ ಚೆನ್ನಾಗಿದೆ ಅತ್ತೆ” ಎಂದೆ. ಅವರ ಕೊರಳಲ್ಲಿ ಸರವೇ ಇರಲಿಲ್ಲ.

ಹೀಗೆ ಒಂದು ಮಧ್ಯಾಹ್ನ ನಾನು ಭತ್ತದ ಗದ್ದೆಯಲ್ಲಿದ್ದಾಗ ಗಾಳಿ ಕೆಟ್ಟಿತು. ಪೈರು ನಿಧಾನವಾಗಿ ತೂಗದೆ ಗಡಗಡ ನಡುಗುತ್ತಿತ್ತು. ಎಚ್ಚರಾಗಿ ನೋಡಿದರೆ ಅತ್ತೆಯ ಎದೆ ಚಿಕ್ಕ ಚಿಕ್ಕದಾಗಿ, ಬೇಗ ಬೇಗ ಏರಿಳಿಯುತ್ತಿದೆ. ನಾಡಿ ಓಡುತ್ತಿದೆ. ಕಂಕುಳಲ್ಲಿಟ್ಟ ಥರ್ಮಾಮೀಟರಿನ ಪಾದರಸ ಕೆಂಪು ಗೆರೆ ದಾಟಿ ಮೇಲೇರಿದೆ. ಜೀವಮಾನದಲ್ಲಿ ಎಂದೂ ಓಡದ ನಾನು ಆ ಬಿಸಿಲಲ್ಲಿ ಚಪ್ಪಲಿಯಿಲ್ಲದೆ ಓಡಿ ಬೀದಿಯ ಕೊನೆಯ ಡಾಕ್ಟರನ್ನು ಊಟದಿಂದ ಎಬ್ಬಿಸಿ ತಂದೆ. ಅವರು ಎದೆಗೆ ಕೊಳವೆ ಇಟ್ಟು ಆಲಿಸಿ, ಸೂಜಿ ಹಾಕಿ, “ಮಲಗಿ ಮಲಗಿ ಕಫ ಕಟ್ಟೈತಿ. ಬೇಗ ಗೊತ್ತಾತು, ಉಳಿದ್ರು. ಹಿಂಗ ಮಲಗಿಸಿಟ್ರ ಮುಂದಿನ ಸಲ ನಾ ಬಂದ್ರೂ ಉಪಯೋಗ ಇಲ್ಲ” ಎಂದರು.

ಜ್ವರ ಇಳಿದ ದಿನ ನಾನು ಅತ್ತೆಯ ಮಂಚದ ಬಳಿ ಕೂತು ಅಳಲು ಶುರುಮಾಡಿದೆ. ಅತ್ತೆ ನನ್ನ ಕಣ್ಣನ್ನೇ ನೋಡುತ್ತ ಇದ್ದರು. ಇದು ಎಚ್ಚರವೇ ಎಂದು ಖಾತ್ರಿಯಾಯಿತೇನೋ.

“ನಾ ಬೀಳಾಕ ಅಂಜಿಲ್ಲವ್ವಾ” ಎಂದರು. “ನೀ ಇದ್ದೀ ಕಡ್ಡಿ ಇದ್ದಂಗ. ಆವತ್ತು ನಿನ್ನ ಮ್ಯಾಲೆ ಬಿದ್ದಾಗ ಕಟ್ ಅಂತು. ನಿನ್ನ ಎಲುಬ ಮುರೀತೋ, ಮಂಚ ಮುರೀತೋ ಅಂತ ನನಗ ಜೀವ ಹೋದಂಗ ಆತು.”

“ಮಂಚ ಅತ್ತೆ.”

“ಹಂಗಾರ ಹಿಡಿ, ನೋಡೂಣು. ಈ ಸಲ ಗಟ್ಟಿ ಹಿಡಿ. ನಾ ಏನು ಮುಳ್ಳು ಅದೀನಿ?”

ಕಾಲು ಇಳಿಬಿಟ್ಟು ಕೂರಿಸಿದೆ. ಮೊಣಕಾಲಿಗೆ ಮೊಣಕಾಲು ಕೊಟ್ಟು, ಕಂಕುಳಲ್ಲಿ ಕೈ ಹಾಕಿ, ಕಣ್ಣು ಮುಚ್ಚಿ ಬಿಗಿಯಾಗಿ ಅಪ್ಪಿಕೊಂಡು ಎತ್ತಿದೆ. ಅತ್ತೆ ಎದ್ದು ನಿಂತರು. ನನ್ನ ಕೆನ್ನೆ ಅವರ ಹೆಗಲಿಗೆ ತಾಗಿತು. ಮೆತ್ತಗಿತ್ತು. ವಿಭೂತಿಯ, ಹರಳೆಣ್ಣೆಯ ವಾಸನೆ. ಬೀಳದೆ ಇರಲೆಂದು ಇಬ್ಬರೂ ಸ್ವಲ್ಪ ಸ್ವಲ್ಪ ತೂಗುತ್ತ ನಿಂತೆವು. ಬಿಡಬೇಕೆಂದು ನನಗೆ ಹೊಳೆಯಲಿಲ್ಲ, ಅವರೂ ಹೇಳಲಿಲ್ಲ. ಅಷ್ಟರಲ್ಲಿ ಯಜಮಾನರು ಕಚೇರಿಯಿಂದ ಬಂದರು. ನಮ್ಮ ಕಡೆ ಹೆಂಗಸರು ಹೀಗೆ ಅಪ್ಪಿಕೊಳ್ಳುವುದು ಸಾವಿನ ಮನೆಯಲ್ಲಿ ಮಾತ್ರ. ಅವರ ಕೈಚೀಲ ಬಿತ್ತು. “ಯಾರು ಹೋದ್ರು?” ಎಂದು ಕೂಗಿದರು.

“ಯಾರೂ ಹೋಗಿಲ್ಲಲೇ, ನಾ ಬಂದೀನಿ” ಎಂದರು ಅತ್ತೆ, ನನ್ನ ತಲೆಯ ಮೇಲಿಂದ.

ಆಮೇಲೆ ದಿನವೂ ಎದ್ದರು, ನಿಂತರು. ನನ್ನನ್ನು ಹಿಡಿದು ನಡುಮನೆ ದಾಟಿದರು, ಬಡಗಿ ಮಾಡಿಕೊಟ್ಟ ಕೋಲು ಹಿಡಿದು ಅಂಗಳಕ್ಕೆ ಬಂದರು. ಮಳೆಗಾಲ ಹತ್ತಿರವಾಗುತ್ತಲೇ ಗದ್ದೆಯ ಧ್ಯಾನ ಹತ್ತಿತು, ಊರಿಗೆ ಹೊರಟರು. ಕುರುಗೋಡಿನ ಮೇಲೆ ಹೋಗುವ ಸಿರುಗುಪ್ಪದ ಬಸ್ಸು, ಮಗ ಜೊತೆಗೆ ಹೋಗಿ ಬಿಟ್ಟುಬರುವುದೆಂದು ಮಾತು. ಬಸ್ಸಿನ ಮೆಟ್ಟಿಲು ಎತ್ತರ. ಅವರನ್ನು ಅಪ್ಪಿ ಎತ್ತುವ ಕೆಲಸ ನನ್ನದೇ ಆಯಿತು. ಒಳಗೆ ಕರೆದೊಯ್ದು ಕಿಟಕಿಯ ಪಕ್ಕ ಕೂರಿಸಿ ಸೆರಗು ಸರಿಮಾಡುತ್ತಿದ್ದೆ. ಯಜಮಾನರು ಕೆಳಗೆ ಬಾಳೆಹಣ್ಣಿನವಳ ಹತ್ತಿರ ಚೌಕಾಶಿಯಲ್ಲಿದ್ದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಯಜಮಾನರು ಹಣ್ಣು ಹಿಡಿದು ಓಡಿಬರುವುದು ಕಿಟಕಿಯಲ್ಲಿ ಕಂಡಿತು. ನಾನು ಬಾಯಿ ತೆರೆದೆ. ಅತ್ತೆ ನನ್ನ ಕೈ ಹಿಡಿದು ಜಗ್ಗಿ ಕೂರಿಸಿದರು. “ಒದರಬ್ಯಾಡ, ಕುಂದ್ರು. ಅಂವ ಮುಂದಿನ ಬಸ್ಸಿಗೆ ಬರ್ತಾನ. ಮನಿಗೆ ಹೋಗಾಕ ನಿನಗೇನು ಅವಸರ?”

ಯೋಚಿಸಿದೆ. ಅವಸರವೇನೂ ಇರಲಿಲ್ಲ. ಬಸ್ಸು ತೂಗುತ್ತಿತ್ತು, ಗಾಳಿ ತಣ್ಣಗಿತ್ತು, ಹೆಗಲು ಪಕ್ಕದಲ್ಲೇ ಇತ್ತು. ಕುರುಗೋಡಿನ ಬಂಡೆಗುಡ್ಡಗಳು ಬಂದಾಗ ಯಾರೋ ಮಾತಾಡುವುದು ಕೇಳಿ ಅರೆಗಣ್ಣು ತೆರೆದೆ. ನನ್ನ ಬಾಯಿಂದ ಜೊಲ್ಲು ಅತ್ತೆಯ ಸೆರಗಿಗೆ ಇಳಿದಿತ್ತು. ಕಂಡಕ್ಟರ್ ನನ್ನ ಮೇಲೆ ಬಾಗಿ, ಅತ್ತೆಯನ್ನು ಮೆಲುದನಿಯಲ್ಲಿ ಕೇಳುತ್ತಿದ್ದ: “ಅಮ್ಮಾ, ಬಳ್ಳಾರಿ ದವಾಖಾನಿಯಿಂದ ಕರ್ಕೊಂಡು ಹೊಂಟೀರೇನ್ರಿ? ಭಾಳ ಸೀರಿಯಸ್ಸಾ?”

“ಹೌದಪ್ಪಾ” ಎಂದರು ಅತ್ತೆ, ನನ್ನ ತಲೆಯನ್ನು ಹೆಗಲಿಗೆ ಒತ್ತಿಕೊಂಡು. “ಭಾಳ ನಾಜೂಕು ಐತಿ. ಡ್ರೈವರಿಗೆ ಮೆಲ್ಲಕ ಹೋಗಾಕ ಹೇಳು.”

ನಾನು ಎದ್ದು ಕೂತು ಸತ್ಯ ಹೇಳಬೇಕೆಂದುಕೊಂಡೆ. ಆದರೆ ಬಸ್ಸು ನಿಜವಾಗಿಯೂ ಮೆಲ್ಲಗಾಯಿತು, ನಾನು ಕಣ್ಣು ಮುಚ್ಚಿಕೊಂಡೆ.