ಕೋಟು ಹಾಕಿಸಿಕೊಂಡ ಯಜಮಾನರು

ನಿಧಾನವಾಗಿ ಕೆಲಸ ಮಾಡುವವರನ್ನು ಕಂಡರೆ ನನಗೆ ಅನುಮಾನ. ಬೇಗ ಮಾಡಿಕೊಡುವವರನ್ನು ಕಂಡರೆ ಇನ್ನೂ ಅನುಮಾನ. ತರಕಾರಿಯವನು ಕೊಸರು ಹಾಕಿದರೂ ಚೀಲ ಬಗ್ಗಿಸಿ ನೋಡುವವಳು ನಾನು. ಡಾಕ್ಟರು ನಗುತ್ತಾ ಮಾತಾಡಿದರೆ ಕಾಯಿಲೆ ದೊಡ್ಡದೇ ಇರಬೇಕು ಅಂದುಕೊಳ್ಳುತ್ತೇನೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಈ ಒಂದು ವಿದ್ಯೆಯಾದರೂ ಇರಲಿ.

ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ವರ್ಷದ ತಿಥಿಗೆ ಎಡೆ ಇಡಲು ಒಂದು ಪಟ ಬೇಕಿತ್ತು. ನಲವತ್ತೆಂಟು ವರ್ಷ ಸಂಸಾರ ಮಾಡಿದರೂ ಮನೆಯಲ್ಲಿದ್ದ ಅವರ ಫೋಟೋ ಒಂದೇ, ಓಟಿನ ಕಾರ್ಡಿನದು. ಅದರಲ್ಲಿ ಅವರು ಸುಟ್ಟ ಬದನೆಕಾಯಿಯ ಹಾಗಿದ್ದಾರೆ. ಸೊಸೆ ಸುಜಾತ ಅದನ್ನು ಮುಳಬಾಗಿಲಿನ ಒಂದು ಸ್ಟುಡಿಯೋಗೆ ಕೊಟ್ಟಳು. ನಾವು ಟೀ ಕುಡಿದು ಬರುವಷ್ಟರಲ್ಲಿ ಪಟ ರೆಡಿ. ನೋಡಿದರೆ ಕೋಟು, ಟೈ, ಬೆಳ್ಳಗಿನ ಮುಖ, ಹಿಂದೆ ಗುಲಾಬಿ ತೋಟ. ಜೀವಮಾನವಿಡೀ ತಲೆಗೊಂದು ಟವಲ್ಲು ಸುತ್ತಿ ಟೊಮೆಟೊ ಬೆಳೆದ ಮನುಷ್ಯ!

“ಚೆನ್ನಾಗೈತಲ್ಲ ಅತ್ತೆ, ಮಾವ ಆಫೀಸರ್ ಥರ ಕಾಣ್ತಾರೆ.”

“ಯಾರ ಮಾವನೇ ಇವನು? ಗುರುತಿಲ್ಲದ ಗಂಡಸಿಗೆ ನಾನು ಎಡೆ ಇಡಲ್ಲ ಕಣೇ.”

ಹಾಗೆ ನಾವು ವೆಂಕಟರಾಮಪ್ಪನ ಹತ್ತಿರ ಹೋದೆವು. ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೂಮಿನಲ್ಲಿ ಕೂತು ಕೈಯಲ್ಲೇ ಮುಖ ಬರೆಯುತ್ತಾರೆ. ಕಾರ್ಡು ನೋಡಿ, “ಆರು ತಿಂಗಳು ಬೇಕು ದೊಡ್ಡಮ್ಮ” ಅಂದರು.

“ಹೊಟ್ಟೇಲಿ ಇಡೀ ಮಗು ಆಗಕ್ಕೇ ಒಂಬತ್ತು ತಿಂಗಳು ಸಾಕು. ಬರೀ ಮುಖಕ್ಕೆ ಆರು ತಿಂಗಳಾ?”

“ಮಗು ಯಾರ ಥರ ಹುಟ್ಟಿದ್ರೂ ನೀವು ಒಪ್ಕೋತೀರ. ಇದನ್ನ ಒಪ್ಕೋತೀರಾ?”

ಮಾತಿನಲ್ಲಿ ಇಷ್ಟು ಚುರುಕು, ಕೈಯಲ್ಲಿ ಯಾಕಿಲ್ಲ? ಅದೇ ಸ್ಟುಡಿಯೋದಲ್ಲಿ ಮಾಡಿಸಿ ಮೇಲೆ ಇದ್ದಿಲು ಸವರಿ ಕೊಡುವ ಆಸಾಮಿ ಇರಬೇಕು ಅನ್ನಿಸಿತು. ಅದಕ್ಕೇ ಪ್ರತಿ ಸೋಮವಾರ ತಾಯಲೂರಿನಿಂದ ಬಸ್ಸು ಹತ್ತಿ ಹೋಗಿ, ಎದುರಿಗೆ ಸ್ಟೂಲು ಹಾಕಿಕೊಂಡು ಕಾವಲು ಕೂರತೊಡಗಿದೆ. ಆತ ಒಂದು ಹುಬ್ಬು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಒಂದು ದಿನ ಮಧ್ಯಾಹ್ನದವರೆಗೂ ಪೆನ್ಸಿಲ್ ಚೂಪು ಮಾಡಿದ್ದೇ ಮಾಡಿದ್ದು.

“ಪೆನ್ಸಿಲ್ಲೇ ಮುಗೀತಾ ಬಂತಲ್ಲಪ್ಪ, ಮುಖ ಎಲ್ಲಿ?” ಎಂದೆ.

ಆತ ಕಾರ್ಡು ನನ್ನ ಮುಂದೆ ಹಿಡಿದರು. “ಮೂಗಿನ ಪಕ್ಕ ಈ ಚುಕ್ಕೆ ಮಚ್ಚೆನಾ, ಕಾರ್ಡಿನ ಕೊಳೇನಾ ದೊಡ್ಡಮ್ಮ?”

ಅಷ್ಟು ವರ್ಷ ಮುದ್ದೆ ಬಡಿಸುವಾಗ ತಟ್ಟೆ ನೋಡಿದ್ದೆನೇ ಹೊರತು ಮುಖ ನೋಡಿರಲಿಲ್ಲ. “ನಿನ್ನ ಕೆಲಸ ನೀನು ನೋಡ್ಕೋ” ಎಂದು ಗದರಿಸಿ ಎದ್ದು ಬಂದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಯಜಮಾನರನ್ನು ನೆನೆಸಿಕೊಂಡರೆ ಕಣ್ಣಿಗೆ ಕಟ್ಟಿದ್ದು ಆ ಕೋಟಿನವನು. ಆಗ ಹೆದರಿಕೆಯಾಯಿತು. ಈ ಪಟ ಸರಿಯಾಗಿ ಆಗದಿದ್ದರೆ ನನ್ನ ಪಾಲಿಗೆ ಅವನೇ ಗಂಡನಾಗಿ ಉಳಿದುಬಿಡುತ್ತಾನೆ. ಮುಂದಿನ ಸೋಮವಾರ, “ಅವಸರ ಬೇಡಪ್ಪ, ನಿಧಾನಕ್ಕೇ ಮಾಡು” ಎಂದೆ. ಈಗ ಅನುಮಾನದಿಂದ ನೋಡುವ ಸರದಿ ಆತನದಾಯಿತು.

ತಿಥಿಯ ಹಿಂದಿನ ದಿನ ಪಟ ಹಿಡಿದುಕೊಂಡು ವೆಂಕಟರಾಮಪ್ಪನೇ ಬಂದರು. ಅದೇ ಟವಲ್ಲು, ಅದೇ ಅಗಲ ಕಿವಿ. ಮೂಗಿನ ಪಕ್ಕ ಮಚ್ಚೆ. ನಮ್ಮೂರಿನ ಕ್ಷೌರದ ಅಂಗಡಿಯಲ್ಲಿ ವಿಚಾರಿಸಿ ಖಾತ್ರಿ ಮಾಡಿಕೊಂಡರಂತೆ. ಸುಜಾತ ಕಣ್ಣೊರೆಸಿಕೊಂಡಳು. ಪಕ್ಕದ ಮನೆಯವರು, “ಎದ್ದು ಬಂದಂಗೈತೆ” ಅಂದರು. ನಾನು ಮಾತ್ರ ಪಟವನ್ನು ಬೆಳಕಿಗೆ ಹಿಡಿದು ನೋಡಿದೆ. ಹುಬ್ಬುಗಳ ನಡುವೆ ಒಂದು ಸಿಡುಕಿನ ಗೆರೆ ಇತ್ತು. ಅವರು ಟೊಮೆಟೊ ಮಂಡಿಯವರನ್ನೂ ನಂಬುತ್ತಿದ್ದ ಮನುಷ್ಯ!

“ಈ ಗೆರೆ ಅವರದ್ದಲ್ಲ. ಎಲ್ಲಿಂದ ಬಂತಪ್ಪ?”

“ಆರು ತಿಂಗಳು ನನ್ನೆದುರು ಕೂತಿದ್ದು ನೀವೇ ಅಲ್ವಾ ದೊಡ್ಡಮ್ಮ? ಗೊತ್ತಿಲ್ದಂಗೆ ಕೈಗೆ ಬಂದ್ಬಿಟ್ಟೈತೆ. ಅಳಿಸ್ತೀನಿ, ಇನ್ನೊಂದು ತಿಂಗಳು ಕೊಡಿ.”

ತಿಥಿ ತಿಂಗಳು ಕಾಯುತ್ತದೆಯೇ? ಹಾಗೇ ಗೋಡೆಗೆ ಹಾಕಿ ಎಡೆ ಇಟ್ಟೆ. ನನ್ನದೇ ಹುಬ್ಬು ಗಂಟಿಕ್ಕಿಕೊಂಡು ಯಜಮಾನರು ಎಲೆಯನ್ನೇ ನೋಡುತ್ತಿದ್ದರು. ಎಡೆ ತೆಗೆದು ಊಟಕ್ಕೆ ಕೂತಾಗ ಗೊತ್ತಾಯಿತು, ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಬದುಕಿದ್ದಾಗ ಇಂಥ ಸಾರನ್ನು ಆ ಮನುಷ್ಯ ಎಷ್ಟು ಸಲ ಮಾತಿಲ್ಲದೆ ಉಂಡಿದ್ದರೋ ಎಂದು ಈಗ ನನಗೆ ಅನುಮಾನ.